ಜಾವಾ ಮರಳಿತು, ಸದ್ದು ಮರಳಲಿಲ್ಲ

2018ರ ನವೆಂಬರ್ 15ರಂದು ಮುಂಬೈಯಲ್ಲಿ ಹೊಸ ಮೋಟಾರ್ ಸೈಕಲ್ಲೊಂದು ಬಿಡುಗಡೆಯಾಯಿತು. ಕಡುಗೆಂಪು ಬಣ್ಣ, ಪಕ್ಕೆಗಳಲ್ಲಿ ಕ್ರೋಮ್ ಹೊಳೆಯುವ ಪೆಟ್ರೋಲ್ ಟ್ಯಾಂಕು, ದುಂಡು ಹೆಡ್‌ಲೈಟು, ಚಪ್ಪಟೆ ಸೀಟು, ಎರಡೂ ಬದಿಗೆ ಒಂದೊಂದು ಉದ್ದನೆಯ ಸೈಲೆನ್ಸರು. ಮೈಸೂರಿನ ಐವತ್ತು ದಾಟಿದವರಿಗೆ ಅದರ ಹೆಸರನ್ನು ಯಾರೂ ಹೇಳಬೇಕಾಗಿರಲಿಲ್ಲ. ಅದು ಜಾವಾ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಗೆ ಬೀಗ ಬಿದ್ದು ಆಗಲೇ 22 ವರ್ಷಗಳಾಗಿದ್ದವು.

ಊರು ಬಿಟ್ಟು ಹೋದ ಮಗ ಇಪ್ಪತ್ತು ವರ್ಷದ ಮೇಲೆ ಬಾಗಿಲಲ್ಲಿ ಬಂದು ನಿಂತರೆ ಮನೆಯವರು ಮೊದಲು ಅಪ್ಪಿಕೊಳ್ಳುತ್ತಾರೆ, ಆಮೇಲೆ ಹಳೆಯ ಮಚ್ಚೆ ಎಲ್ಲಿದೆ ಎಂದು ಹುಡುಕುತ್ತಾರೆ. ಜಾವಾ ಅಭಿಮಾನಿಗಳು ಮಾಡಿದ್ದೂ ಅದನ್ನೇ. ಮೊದಲ ವಾರ ಬರೀ ಸಂಭ್ರಮ. ಎರಡನೇ ವಾರದಿಂದ ಮಚ್ಚೆಯ ಹುಡುಕಾಟ. ಟ್ಯಾಂಕು ಸರಿಯಾಗಿದೆ, ಆದರೆ ಕಿಕ್ಕರ್ ಎಲ್ಲಿ? ಸೈಲೆನ್ಸರ್ ಎರಡಿವೆ, ಆದರೆ ಸದ್ದು ಅದಲ್ಲವಲ್ಲ? ಎಂಜಿನ್ನಿಗೆ ನೀರಿನ ರೇಡಿಯೇಟರ್ ಏಕೆ?

ಇಷ್ಟು ಜಗಳಕ್ಕೆ ಕಾರಣ ತಿಳಿಯಬೇಕಾದರೆ ಹಳೆಯ ಜಾವಾ ಎಂಥದ್ದೆಂದು ತಿಳಿಯಬೇಕು. ಜಾವಾ ಮೂಲತಃ ಜೆಕ್ ನಾಡಿನದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ಅದರ ಮೊದಲೆರಡು ಅಕ್ಷರ ಸೇರಿಸಿದ. ಕಾಫಿಗೂ ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಮೈಸೂರಿಗೆ ಇದನ್ನು ತಂದವರು ಇರಾನಿ ಮನೆತನದವರು. 1961ರಲ್ಲಿ ಇಲ್ಲಿ ತಯಾರಿಕೆ ಶುರುವಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರೇ ಕಾರ್ಖಾನೆಯನ್ನು ಉದ್ಘಾಟಿಸಿದರು. ಜೆಕ್ ಹೆಸರಿನ ಪರವಾನಗಿ ಮುಗಿದ ಮೇಲೆ, 1973ರಿಂದ, ಅದೇ ಗಾಡಿ ಯೆಜ್ಡಿ ಆಯಿತು. ಇರಾನಿನ ಯಜ್ದ್ ಪಟ್ಟಣದ ನೆನಪಿಗೆ ಇಟ್ಟ ಹೆಸರು ಎಂಬ ಮಾತಿದೆ. ಜೆಕ್ ಭಾಷೆಯಲ್ಲಿ ಹೆಚ್ಚುಕಡಿಮೆ ಇದೇ ಉಚ್ಚಾರಣೆಯ ಪದಕ್ಕೆ ‘ಸವಾರಿ ಮಾಡುತ್ತಾನೆ’ ಎಂಬ ಅರ್ಥವಿರುವುದು ವಿಶೇಷ.

ಹಳೆಯ ಜಾವಾ 250 ಸಿಸಿ ಗಾಡಿ. ಶಕ್ತಿ ಸುಮಾರು 12 ಅಶ್ವಶಕ್ತಿ. ಇಂದಿನ ಲೆಕ್ಕಕ್ಕೆ ಅದೇನೂ ಅಲ್ಲ. ಆದರೆ ಅದರ ಒಂದೊಂದು ಅಂಗಕ್ಕೂ ಒಂದೊಂದು ಚಾಳಿಯಿತ್ತು. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್. ಮೇಲಕ್ಕೆತ್ತಿ ಒದ್ದರೆ ಗಾಡಿ ಸ್ಟಾರ್ಟ್, ಮಡಚಿದರೆ ಅದೇ ಗೇರು. ಆ ಲಿವರನ್ನು ಒತ್ತಿದಾಗ ಕ್ಲಚ್ಚೂ ತಾನಾಗಿ ಬಿಡುಗಡೆಯಾಗುವುದರಿಂದ, ಕೈ ಹಚ್ಚದೆ ಗೇರು ಬದಲಿಸಬಹುದಿತ್ತು. ಹೆಡ್‌ಲೈಟಿನ ಮೇಲೆ ತೂರಿಸುವ ಕೀಲಿ ಮೊಳೆಯಂತಿತ್ತು. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕಿತ್ತು. ಇವನ್ನೆಲ್ಲ ಕಲಿಯದವನು ಜಾವಾ ಓಡಿಸಲಾರ, ಕಲಿತವನು ಮರೆಯಲಾರ. ಚಾಳಿಯಿರುವ ಯಂತ್ರ ಮನುಷ್ಯನನ್ನು ಅಂಟಿಕೊಳ್ಳುವಷ್ಟು ಚಾಳಿಯಿಲ್ಲದ್ದು ಅಂಟಿಕೊಳ್ಳುವುದಿಲ್ಲವೇನೋ.

ಈಗ ಸದ್ದಿನ ವಿಷಯ. ಅಭಿಮಾನಿಗಳ ದೂರಿನಲ್ಲಿ ಇದೇ ದೊಡ್ಡದು, ಇದರ ಹಿಂದೆ ಭಾವನೆಯಷ್ಟೇ ಅಲ್ಲ, ಗಣಿತವೂ ಇದೆ. ಹಳೆಯದು ಟೂ ಸ್ಟ್ರೋಕ್ ಎಂಜಿನ್. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಂದು ಸಲ ಇಂಧನ ಸಿಡಿಯುತ್ತದೆ. ಹೊಸದು 293 ಸಿಸಿಯ ಫೋರ್ ಸ್ಟ್ರೋಕ್. ಇಲ್ಲಿ ಎರಡು ಸುತ್ತಿಗೆ ಒಂದು ಸಿಡಿತ. ಅಂದರೆ ಅದೇ ವೇಗದಲ್ಲಿ ತಿರುಗುವಾಗ ಬಡಿತಗಳ ಸಂಖ್ಯೆ ಅರ್ಧಕ್ಕರ್ಧ ಕಡಿಮೆ. ಹಳೆಯದರಲ್ಲಿ ಕವಾಟಗಳೇ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ, ಹೊಗೆ ಅಲ್ಲಿಂದ ಒಮ್ಮೆಲೇ ಹೊರನುಗ್ಗುತ್ತದೆ. ಬೀದಿಯ ತುದಿಯಲ್ಲಿ ಕೇಳಿದರೂ ಇಂಥವರ ಗಾಡಿ ಎಂದು ಗುರುತಿಸಬಹುದಾಗಿದ್ದ ಆ ಸದ್ದು ಹುಟ್ಟುತ್ತಿದ್ದುದು ಹೀಗೆ. ಹಳೆಯ ಸದ್ದಿನ ನೆನಪು ಬರಲೆಂದೇ ಹೊಸ ಸೈಲೆನ್ಸರುಗಳನ್ನು ಶ್ರುತಿ ಮಾಡಿದ್ದೇವೆ ಎಂದು ತಯಾರಕರು ಹೇಳಿಕೊಂಡರು. ವೀಣೆಯ ತಂತಿಯನ್ನು ಎಷ್ಟೇ ಬಿಗಿದರೂ ನಾಗಸ್ವರದ ನಾದ ಬಾರದು.

ಹಾಗಾದರೆ ಟೂ ಸ್ಟ್ರೋಕನ್ನೇ ತರಬಹುದಿತ್ತಲ್ಲ? ಆಗುವುದಿಲ್ಲ. ಒಳಬರುವ ಹೊಸ ಇಂಧನವೇ ಹಳೆಯ ಹೊಗೆಯನ್ನು ಹೊರದೂಡುವ ವ್ಯವಸ್ಥೆ ಅದು. ದೂಡುವ ಭರದಲ್ಲಿ ಒಂದಿಷ್ಟು ಪೆಟ್ರೋಲು, ಜೊತೆಗೆ ಎಣ್ಣೆ, ಉರಿಯದೆಯೇ ಹೊರಬೀಳುತ್ತದೆ. ಹೊಗೆಯ ನಿಯಮಗಳು ಬಿಗಿಯಾದಂತೆ ಇಂಥ ಗಾಡಿಗಳು ಮಾರುಕಟ್ಟೆಯಿಂದಲೇ ಹೋದವು. ನೀರಿನ ರೇಡಿಯೇಟರಿಗೂ ಇಂಥದೇ ಕಾರಣ. ಎಂಜಿನ್ನಿನ ಬಿಸಿ ಹತೋಟಿಯಲ್ಲಿದ್ದರೆ ಹೊಗೆಯನ್ನು ಹತೋಟಿಯಲ್ಲಿಡುವುದು ಸುಲಭ. ಆದರೂ ಗಾಳಿಯಿಂದ ತಣಿಯುವ ಹಳೆಯ ಎಂಜಿನ್ನಿನ ಚಹರೆ ಉಳಿಯಲೆಂದು ಸಿಲಿಂಡರಿನ ಮೇಲೆ ಲೋಹದ ಪದರಗಳನ್ನು ಉಳಿಸಿದರು. ಇದನ್ನು ಕಂಡು ಕೆಲವರು ಮೂಗು ಮುರಿದರು. ಇಂಗ್ಲೆಂಡಿನ ಟ್ರಯಂಫ್ ಕಂಪೆನಿ ತನ್ನ ಹಳೆಯ ಬಾನೆವಿಲ್ ಬೈಕನ್ನು 2001ರಲ್ಲಿ ಮರಳಿ ತಂದು, ಕೆಲವು ವರ್ಷಗಳ ನಂತರ ಇಂಧನ ಚಿಮ್ಮಿಸುವ ಸಾಧನವನ್ನು ಕಾರ್ಬ್ಯುರೇಟರಿನ ಆಕಾರದ ಚಿಪ್ಪಿನೊಳಗೆ ಬಚ್ಚಿಟ್ಟಿತ್ತು. ಈ ವೇಷ ಹೊಸದೇನಲ್ಲ.

ಮೋಟಾರ್ ಸೈಕಲ್ ಪರಿಭಾಷೆಯಲ್ಲಿ ಇಂಥ ಗಾಡಿಯನ್ನು ‘ಸ್ಟ್ಯಾಂಡರ್ಡ್’ ಎನ್ನುತ್ತಾರೆ. ಬೆನ್ನು ನೆಟ್ಟಗಿಟ್ಟು ಕೂರುವ, ಎಂಜಿನ್ ಮುಚ್ಚುವ ಪ್ಲಾಸ್ಟಿಕ್ ಹೊದಿಕೆಯಿಲ್ಲದ, ಆಫೀಸಿಗೂ ಸೈ ಮಾವನ ಮನೆಗೂ ಸೈ ಎನ್ನುವಂಥ ಬೈಕು. 1985ರಲ್ಲಿ ಹೀರೊ ಹೋಂಡಾ ಬಂದ ಮೇಲೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದೇ ಮುಖ್ಯ ಪ್ರಶ್ನೆಯಾಯಿತು. ಆ ಪ್ರಶ್ನೆಗೆ ಯೆಜ್ಡಿಯ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಮದರಾಸಿನ ಎನ್‌ಫೀಲ್ಡ್ ಹೇಗೋ ಜೀವ ಹಿಡಿದು, 2009ರಲ್ಲಿ ಹಳೆಯ ರೂಪದ ‘ಕ್ಲಾಸಿಕ್’ ತಂದು ಗೆದ್ದಿತು. ಜಾವಾವನ್ನು ಮರಳಿ ತರುವ ಧೈರ್ಯ ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕಂಪೆನಿಗೆ ಬಂದದ್ದು ಆ ಗೆಲುವನ್ನು ನೋಡಿಯೇ ಇರಬೇಕು. ಬೆಲೆ ದೆಹಲಿಯ ಶೋರೂಮಿನಲ್ಲಿ 1.64 ಲಕ್ಷ ರೂಪಾಯಿ. ಅದೇ ವರ್ಷ ಡಿಸೆಂಬರ್ ಮುಗಿಯುವುದರೊಳಗೆ, ಮುಂದಿನ ಸೆಪ್ಟೆಂಬರಿನವರೆಗಿನ ಗಾಡಿಗಳೆಲ್ಲ ಬುಕ್ ಆಗಿವೆ ಎಂದು ಕಂಪೆನಿ ಪ್ರಕಟಿಸಿತು. ಹಣ ಕಟ್ಟಿ ತಿಂಗಳುಗಟ್ಟಲೆ ಕಾದವರ ಸಿಟ್ಟು ಸದ್ದಿನ ದೂರಿಗಿಂತ ಜೋರಾಗಿತ್ತು.

ಮೈಸೂರಿನವರ ಬೇಸರವೇ ಬೇರೆ. ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಯಾದವಗಿರಿಯಲ್ಲಿ ದುಡಿದವರ ಪಾಲಿಗೆ ಜಾವಾ ಎಂದರೆ ಬರೀ ಗಾಡಿಯಲ್ಲ, ಸಂಬಳ, ಕ್ವಾರ್ಟರ್ಸು, ಮಕ್ಕಳ ಓದು. ಹೆಸರು ಬಂತು, ಕೆಲಸ ಬರಲಿಲ್ಲ. ಆ ಹೆಸರಾದರೂ ಯಾರದು ಎಂಬ ಪ್ರಶ್ನೆ ಹೈಕೋರ್ಟಿನಲ್ಲಿ ಕೂತಿತ್ತು. ಐಡಿಯಲ್ ಜಾವಾ ಸ್ಥಾಪಕರಲ್ಲಿ ಒಬ್ಬರಾದ ರುಸ್ತುಂ ಇರಾನಿಯವರ ಮಗ ಬೋಮನ್ ಇರಾನಿ (ಸಿನಿಮಾ ನಟರಲ್ಲ, ಕಟ್ಟಡ ಉದ್ಯಮಿ) ಯೆಜ್ಡಿ ಹೆಸರನ್ನು ತಮ್ಮದಾಗಿ ನೋಂದಾಯಿಸಿಕೊಂಡಿದ್ದರು. 2022ರ ಜನವರಿಯಲ್ಲಿ ಆ ಹೆಸರಿನ ಮೂರು ಬೈಕುಗಳೂ ಬಂದವು. ಮುಚ್ಚಿದ ಕಂಪೆನಿಯ ಆಸ್ತಿಯನ್ನು ನೋಡಿಕೊಳ್ಳುವ ಅಧಿಕೃತ ಬರಖಾಸ್ತುದಾರರು ಹೆಸರೂ ಆಸ್ತಿಯೇ ಎಂದರು. ಅದು ಸರಿಯಾದರೆ, ಹರಾಜಿನಿಂದ ಬಂದ ಹಣ ಸಾಲ ಕೊಟ್ಟವರಿಗೆ, ಬಾಕಿಯಿರುವ ಕಾರ್ಮಿಕರಿಗೆ ಹೋಗಬೇಕು. 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ಹೆಸರು ಮುಚ್ಚಿದ ಕಂಪೆನಿಯದೇ ಎಂದು ತೀರ್ಪಿತ್ತಿತು. 2025ರಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ರದ್ದುಮಾಡಿತು.

ಇತ್ತ ಅಭಿಮಾನಿಗಳ ಗೊಣಗಾಟವೂ ವ್ಯರ್ಥವಾಗಲಿಲ್ಲ. ಹೊಸ ಜಾವಾ ಜೋರಾಗಿ ತಿರುಗಿದರೆ ಮಾತ್ರ ಚುರುಕು, ಹಳೆಯದರ ಹಾಗೆ ನಿಧಾನಕ್ಕೆ ಎಳೆಯುವುದಿಲ್ಲ ಎಂಬ ದೂರಿತ್ತು. 2024ರ ಜನವರಿಯಲ್ಲಿ ಅದರ ಜಾಗಕ್ಕೆ 334 ಸಿಸಿಯ ‘ಜಾವಾ 350’ ಬಂತು. ಎಂಜಿನ್ ದೊಡ್ಡದಾಯಿತು, ಅಶ್ವಶಕ್ತಿ ಮಾತ್ರ 27ರಿಂದ ಸುಮಾರು 22ಕ್ಕೆ ಇಳಿಯಿತು. ಶಕ್ತಿ ಕಡಿಮೆಯಾಗಿದ್ದಕ್ಕೆ ಗಿರಾಕಿ ಸಂತೋಷಪಡುವುದು ಇಂಥ ಗಾಡಿಗಳಲ್ಲಿ ಮಾತ್ರ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರವನ್ನು ಜಾವಾ-ಯೆಜ್ಡಿ ದಿನವೆಂದು ಆಚರಿಸುವವರಲ್ಲಿ ಹಲವರು ಅಂದು ಮನೆಯಿಂದ ಹೊರತೆಗೆಯುವುದು ಈಗಲೂ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಾದ ಹಳೆಯದನ್ನೇ.