ಮೊದಲ ಮುಟ್ಟಿನ ವಯಸ್ಸು ಇಳಿದದ್ದು ಹೇಗೆ?

1956ರ ಸುಮಾರಿಗೆ ದಕ್ಷಿಣ ಆಫ್ರಿಕಾದ ನಗರಗಳ ಕಪ್ಪು ಹುಡುಗಿಯರು ಮೈನೆರೆಯುತ್ತಿದ್ದ ಸರಾಸರಿ ವಯಸ್ಸು 14.9 ವರ್ಷ. 2004ರ ಹೊತ್ತಿಗೆ ಅದು 12.4ಕ್ಕೆ ಇಳಿದಿತ್ತು. ಅಲ್ಲಿನ ಬಿಳಿಯ ಹುಡುಗಿಯರದು 1977ರಲ್ಲಿ 13.1 ಇದ್ದದ್ದು 2004ರಲ್ಲಿ 12.5 ಆಯಿತು. ಒಂದು ಕಾಲಕ್ಕೆ ‘ಜನಾಂಗದ ಗುಣ’ ಎಂದು ತೋರಬಹುದಾಗಿದ್ದ ಅಂತರ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಐವತ್ತು ವರ್ಷಗಳಲ್ಲಿ ಒಂದು ಸಮುದಾಯದ ವಂಶವಾಹಿಗಳು ಹೀಗೆ ಬದಲಾಗಲಾರವು. ಬದಲಾದದ್ದು ಅವರ ಬದುಕು.

ವಂಶವಾಹಿಗಳಿಗೆ ಪಾತ್ರವಿಲ್ಲವೆಂದಲ್ಲ. ಒಂದೇ ಬಗೆಯ ಪರಿಸರದಲ್ಲಿ ಬೆಳೆದವರ ನಡುವಿನ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ಹುಟ್ಟಿನಿಂದ ಬಂದದ್ದು ಎನ್ನುತ್ತವೆ ಅವಳಿಗಳ ಅಧ್ಯಯನಗಳು. ತಾಯಿ ಬೇಗ ದೊಡ್ಡವಳಾಗಿದ್ದರೆ ಮಗಳೂ ಹಾಗೇ ಆಗುವುದು ಸಾಮಾನ್ಯ. ಆದರೆ ಎರಡು ಸಮುದಾಯಗಳ ನಡುವಿನ ಅಂತರಕ್ಕೂ ಅದೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ.

ಮೈಯೊಳಗೆ ನಡೆಯುವುದನ್ನು ನೋಡಿ. ಮೆದುಳಿನ ತಳದ ಹೈಪೋಥಲಾಮಸ್ ಶೈಶವದ ನಂತರ ಈ ವಿಷಯದಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ಮತ್ತೆ ಎಚ್ಚೆತ್ತು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು, ಮೊದಮೊದಲು ರಾತ್ರಿ ನಿದ್ದೆಯಲ್ಲಷ್ಟೇ, ಬಿಟ್ಟುಬಿಟ್ಟು ಚಿಮ್ಮಿಸತೊಡಗಿದಾಗ ಪಿಟ್ಯುಟರಿ ಗ್ರಂಥಿಯೂ ಅಂಡಾಶಯವೂ ಕೆಲಸಕ್ಕಿಳಿಯುತ್ತವೆ. ಎದೆ ಮೂಡಿ ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು. ಇಷ್ಟೆಲ್ಲ ನಡೆಯಲು ದೇಹದಲ್ಲಿ ಕೊಬ್ಬಿನ ದಾಸ್ತಾನು ಸಾಕಷ್ಟಿದೆ ಎಂಬ ಸುದ್ದಿ ಮೆದುಳಿಗೆ ಮುಟ್ಟಬೇಕು. ಅದನ್ನು ಒಯ್ಯುವುದು ಕೊಬ್ಬಿನ ಕೋಶಗಳಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನು. ಅರೆಹೊಟ್ಟೆಯಲ್ಲಿರುವ, ಪದೇಪದೇ ಕಾಯಿಲೆ ಬೀಳುವ ಮೈ ಕಾಯುತ್ತದೆ.

ಆ ಕಾಯುವಿಕೆ ಥಟ್ಟನೆ ಮುಗಿದರೆ ಏನಾಗುತ್ತದೆ? ಭಾರತದಿಂದ ಸ್ವೀಡನ್ನಿಗೆ ದತ್ತು ಹೋದ 107 ಹುಡುಗಿಯರನ್ನು ಗಮನಿಸಿದ ಅಲ್ಲಿನ ವೈದ್ಯರು 1991ರಲ್ಲಿ ವರದಿ ಮಾಡಿದರು. ಆ ಹುಡುಗಿಯರು ಮೈನೆರೆದ ಮಧ್ಯಾಂಕ ವಯಸ್ಸು 11.6. ಸ್ವೀಡನ್ನಿನ ಹುಡುಗಿಯರಿಗಿಂತ ಮಾತ್ರವಲ್ಲ, ಭಾರತದ ಅನುಕೂಲಸ್ಥ ಮನೆಗಳ ಹುಡುಗಿಯರಿಗಿಂತಲೂ ಮೊದಲೇ! ಹೋಗುವಾಗ ತೀರ ಕುಳ್ಳಗಿದ್ದು, ಹೋದ ಮೇಲೆ ಭರದಿಂದ ಬೆಳೆದವರು ಎಲ್ಲರಿಗಿಂತ ಬೇಗ ಮೈನೆರೆದರು. ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಏರಿದಂತೆ ಮೂಳೆಯ ತುದಿಯ ಬೆಳವಣಿಗೆ ನಿಲ್ಲುವುದರಿಂದ ಹಲವರು ಎತ್ತರಕ್ಕೆ ಬೆಳೆಯುವುದು ಬೇಗನೆ ಮುಗಿಯಿತು. ಎಳವೆಯ ಹಸಿವಿಗೆ ಆ ಮಕ್ಕಳು ಎರಡು ಸಲ ಬೆಲೆ ತೆತ್ತರು ಎಂದೇ ನನಗನ್ನಿಸುತ್ತದೆ.

ಬಡ ನಾಡುಗಳಲ್ಲಿ ಉಳ್ಳವರ ಮಕ್ಕಳು ಮೊದಲು ಮೈನೆರೆಯುತ್ತಾರೆ. ಸಿರಿವಂತ ನಾಡುಗಳಲ್ಲಿ ಇದು ತಿರುವುಮುರುವು. ಈ ಶತಮಾನದ ಆರಂಭದಲ್ಲಿ ಹುಟ್ಟಿದ ಬ್ರಿಟನ್ನಿನ ಸುಮಾರು 5,800 ಹುಡುಗಿಯರಲ್ಲಿ 11ನೇ ವಯಸ್ಸಿಗೆ ಮುಟ್ಟಾಗಿದ್ದವರು ಶೇ. 9.5, ಕಡಿಮೆ ವರಮಾನದ ಮನೆಗಳಲ್ಲಿ ಈ ಪ್ರಮಾಣ ಅತಿ ಶ್ರೀಮಂತರದರ ಸುಮಾರು ಇಮ್ಮಡಿ. ಅಲ್ಲಿ ಬಡತನದ ಜೊತೆ ಬರುವುದು ಅಗ್ಗದ ಕ್ಯಾಲೊರಿ, ಅತಿತೂಕ, ಮನೆಯೊಳಗಿನ ಒತ್ತಡ.

ಇದನ್ನೆಲ್ಲ ಮರೆತು ಜನಾಂಗದ ಲೆಕ್ಕ ಹಿಡಿದರೆ ಪೆಟ್ಟು ಬೀಳುವುದು ಮಕ್ಕಳಿಗೆ. ಅಮೆರಿಕದ 1988–94ರ ಸಮೀಕ್ಷೆಯಲ್ಲಿ ಮೊದಲ ಮುಟ್ಟಿನ ವಯಸ್ಸು ಕಪ್ಪು ಹುಡುಗಿಯರಿಗೆ 12.06, ಮೆಕ್ಸಿಕೊ ಮೂಲದವರಿಗೆ 12.25, ಬಿಳಿಯರಿಗೆ 12.55 ಎಂದು ಕಂಡಿತ್ತು. ಎದೆ ಮೂಡುವುದರಲ್ಲೂ ಇಂಥ ಅಂತರ ಕಂಡದ್ದರಿಂದ, ಎದೆ ಮೂಡುವ ಹೊತ್ತಿಗೆ ಬಿಳಿಯ ಹುಡುಗಿಗೆ 7, ಕಪ್ಪು ಹುಡುಗಿಗೆ 6 ವರ್ಷ ದಾಟಿದ್ದರೆ ಸಾಮಾನ್ಯವಾಗಿ ತಪಾಸಣೆ ಬೇಕಿಲ್ಲ ಎಂದು ಅಲ್ಲಿನ ಮಕ್ಕಳ ಹಾರ್ಮೋನು ತಜ್ಞರ ಸಂಘವೊಂದು 1999ರಲ್ಲಿ ಸಲಹೆಯಿತ್ತಿತು. ಕೆಲವೇ ವರ್ಷಗಳಲ್ಲಿ ಬೇರೆ ವೈದ್ಯರು ಆಕ್ಷೇಪಿಸಿದರು: ಆ ಸಲಹೆಯಂತೆ ವಾಪಸು ಕಳಿಸಬಹುದಾಗಿದ್ದ ಮಕ್ಕಳಲ್ಲೂ ಚಿಕಿತ್ಸೆ ಬೇಕಾದ ಕಾಯಿಲೆಗಳು ಸಿಕ್ಕಿದ್ದವು.