ಹಳೆಯ ಪಿಕಪ್ ವಾಹನದ ಸ್ಪಾರ್ಕ್ ಪ್ಲಗ್: ಎಸೆಯುವ ಮುನ್ನ ಪರೀಕ್ಷಿಸಿ

1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ ಹಾಗೂ ಯೆಜ್ದಿ ಮೋಟಾರ್ ಸೈಕಲ್‌ಗಳು ತಯಾರಾಗುತ್ತಿದ್ದವು. ಪೆಟ್ರೋಲಿನೊಡನೆ ಆಯಿಲ್ ಕೂಡ ಉರಿಯುತ್ತಿದ್ದ ಆ ಟೂ ಸ್ಟ್ರೋಕ್ ಎಂಜಿನ್‌ಗಳ ಪ್ಲಗ್‌ಗೆ ಮಸಿ ಕಟ್ಟುವುದು ಸಾಮಾನ್ಯವಾಗಿತ್ತು. ಆದುದರಿಂದ ಪ್ಲಗ್ ಬಿಚ್ಚಿ, ಅದರ ಬಣ್ಣದಿಂದ ಎಂಜಿನ್‌ನ ಸ್ಥಿತಿಯನ್ನು ಅರಿಯುವುದು ಸವಾರರಿಗೆ ರೂಢಿಯಾಗಿತ್ತು. ಸರಕು ಸಾಗಣೆಗೆ ಹಳೆಯ ಪಿಕಪ್ ವಾಹನವನ್ನೇ ನೆಚ್ಚಿರುವ ವರ್ತಕ ಬಾಂಧವರಿಗೆ ಈ ರೂಢಿ ಇಂದಿಗೂ ಉಪಯುಕ್ತವಾಗಿದೆ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಆದ್ದರಿಂದ ಈ ವಿಷಯವು ಪೆಟ್ರೋಲ್ ಹಾಗೂ ಸಿ.ಎನ್.ಜಿ. ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ.

ಸವೆತದ ಪರಿಣಾಮ

ಪ್ರತಿ ಕಿಡಿಯೊಡನೆ ಪ್ಲಗ್‌ನ ತುದಿ ತುಸು ಸವೆದು, ಎರಡು ತುದಿಗಳ ನಡುವಣ ಅಂತರ ಹೆಚ್ಚುತ್ತದೆ. ಆಗ ಕಿಡಿ ಹಾರಲು ಅಧಿಕ ವೋಲ್ಟೇಜ್ ಬೇಕಾಗಿ, ಇಗ್ನಿಷನ್ ಕಾಯಿಲ್‌ಗೆ ಶ್ರಮವಾಗುತ್ತದೆ. ಸಿ.ಎನ್.ಜಿ.ಯಲ್ಲಿ ಈ ಬೇಡಿಕೆ ಇನ್ನೂ ಹೆಚ್ಚು. ಕಿಡಿ ತಪ್ಪಿದರೆ ಎಳೆತ ಕುಗ್ಗಿ ಇಂಧನ ವ್ಯರ್ಥವಾಗುತ್ತದೆ. ಉರಿಯದ ಇಂಧನವು ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸಬಲ್ಲದು. ಪ್ಲಗ್‌ನ ಬೆಲೆಯಾದರೋ ಅದರ ಅಲ್ಪಾಂಶ ಮಾತ್ರ.

ಹಳೆಯ ಪ್ಲಗ್ ನೀಡುವ ಸೂಚನೆ

ತಿಳಿ ಕಂದು ಬಣ್ಣವು ಆರೋಗ್ಯದ ಲಕ್ಷಣ. ಒಣ ಮಸಿಯಿದ್ದರೆ ಇಂಧನ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆಯೆಂದು ಊಹಿಸಬಹುದು. ಬಿಳಿಚಿ ಗುಳ್ಳೆಯೆದ್ದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ ಅಥವಾ ಪ್ಲಗ್ ಸೂಕ್ತ ಶ್ರೇಣಿಯದಲ್ಲ. ಆಯಿಲ್ ಜಿಡ್ಡು ಕಂಡರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರುವ ಸಂಭವವುಂಟು. ಅದನ್ನು ಸರಿಪಡಿಸದೆ ಹೊಸ ಪ್ಲಗ್ ಹಾಕಿದರೆ ಅದೂ ಬೇಗನೆ ಕೆಡುವುದು. ಆದಕಾರಣ ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರ್‌ಗಳ ಕ್ರಮದಲ್ಲಿಯೇ ಜೋಡಿಸಿಡುವಂತೆ ಮೆಕ್ಯಾನಿಕ್‌ಗೆ ತಿಳಿಸಬೇಕು.

ಬದಲಾಯಿಸುವ ಕ್ರಮ

ಎಂಜಿನ್ ತಣ್ಣಗಾದ ಬಳಿಕವೇ ಕೆಲಸಕ್ಕೆ ತೊಡಗಬೇಕು. ಬಿಸಿಯಿರುವಾಗ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್‌ನ ಮರೆ ಕಿತ್ತುಬರುವ ಅಪಾಯವಿದೆ. ಮೊದಲು ಪ್ಲಗ್‌ನ ಸುತ್ತಲಿನ ಧೂಳನ್ನು ಊದಿ ತೆಗೆಯಬೇಕು. ಕೈಪಿಡಿಯಲ್ಲಿ ಸೂಚಿಸಿದ ಸಂಖ್ಯೆಯ ಪ್ಲಗ್‌ನ್ನೇ ಕೊಂಡು, ಅಂತರವನ್ನು ಫೀಲರ್ ಗೇಜ್‌ನಿಂದ ಪರೀಕ್ಷಿಸಬೇಕು. ವೈರ್‌ಗಳು ಅದಲುಬದಲಾಗದಂತೆ ಒಂದೊಂದೇ ಪ್ಲಗ್ ಬದಲಾಯಿಸುವುದು ಲೇಸು. ಕೈಯಿಂದಲೇ ಪೂರ್ತಿ ತಿರುಗಿಸಿ ಕೂರಿಸಿ, ವಾಷರ್ ಇರುವ ಹೊಸ ಪ್ಲಗ್ ಆದರೆ ಅನಂತರ ಸ್ಪಾನರ್‌ನಿಂದ ಅರ್ಧದಿಂದ ಮುಕ್ಕಾಲಿಗೂ ಕಡಿಮೆ ಸುತ್ತು ಬಿಗಿದರೆ ಸಾಕು.

ಬದಲಾವಣೆಯ ಅವಧಿಗೆ ಕೈಪಿಡಿಯೇ ಪ್ರಮಾಣ. ದಿನಾಂಕ ಮತ್ತು ಕಿಲೋಮೀಟರನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ, ಸರಕು ತುಂಬಿದ ಗಾಡಿ ದಾರಿಯಲ್ಲಿ ನಿಲ್ಲುವ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.