ರಜೆಯ ವಿಹಾರವೂ ಕೈಖರ್ಚಿನ ಲೆಕ್ಕವೂ

ಪಾಸ್ಖ ಹಬ್ಬ ಮುಗಿದು ಶಾಲೆಗಳಿಗೆ ಬೇಸಿಗೆಯ ರಜೆ ದೊರೆಯುತ್ತಿದ್ದಂತೆಯೇ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನಮ್ಮ ಕ್ರೈಸ್ತ ಮನೆಗಳಲ್ಲಿ ಮಕ್ಕಳ ಬೇಡಿಕೆಯೊಂದು ತಲೆಯೆತ್ತುತ್ತದೆ. ಹಿಂದಿನ ತಲೆಮಾರಿಗೆ ಜನವರಿ ತಿಂಗಳ ಅತ್ತೂರು ಸಂತ ಲಾರೆನ್ಸರ ಹಬ್ಬವೇ ವರ್ಷದ ದೊಡ್ಡ ವಿಹಾರವಾಗಿತ್ತು. ಘಟ್ಟವಿಳಿದು ಕಾರ್ಕಳ ಸೇರಿ, ಮೇಣದ ಬತ್ತಿ ಹಚ್ಚಿ, ಬಲಿಪೂಜೆಯಲ್ಲಿ ಪಾಲ್ಗೊಂಡು, ಬಳಿಕ ಅಂಗಡಿಗಳ ಸಾಲಿನಲ್ಲಿ ಬಳೆ, ಬತ್ತಾಸು, ಪೀಪಿಗಳ ಮುಂದೆ ನಿಂತು, ಅಪ್ಪ ಕೊಟ್ಟ ಜಾತ್ರೆಯ ದುಡ್ಡನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಏನು ಕೊಳ್ಳಲಿ ಏನು ಬಿಡಲಿ ಎಂದು ಒದ್ದಾಡಿದ ನೆನಪು ನಮ್ಮ ಹಿರಿಯರಲ್ಲಿ ಇಂದಿಗೂ ಹಸಿರಾಗಿದೆ. ಇಂದಿನ ಮಕ್ಕಳು ಅತ್ತೂರಿಗೂ ಬರುತ್ತಾರೆ. ಆದರೆ ರಜೆಯಲ್ಲಿ ಅವರು ಕೇಳುವುದು ಬಿಡದಿಯ ವಂಡರ್‌ಲಾ, ಇಲ್ಲವೇ ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್. ನರಸಿಂಹರಾಜಪುರದ ಕಡೆಯ ಮಲಯಾಳ ಮೂಲದ ಮನೆಗಳಲ್ಲಾದರೆ, ಬಂಧುಗಳನ್ನು ಕಾಣಲು ಕೇರಳಕ್ಕೆ ಹೋದಾಗ ಕೊಚ್ಚಿಯ ವಂಡರ್‌ಲಾ.

ಇಂತಹ ವಿಹಾರವನ್ನು ದುಂದುವೆಚ್ಚವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ನಮ್ಮಲ್ಲಿದ್ದಾರೆ. ನಾವು ಆ ಮಾತನ್ನು ಒಪ್ಪುವುದಿಲ್ಲ. ನಜರೇತಿನ ಪವಿತ್ರ ಕುಟುಂಬವು ಪ್ರತಿವರ್ಷ ಪಾಸ್ಖ ಹಬ್ಬಕ್ಕೆ ಜೆರುಸಲೇಮಿಗೆ ಪಯಣಿಸುತ್ತಿತ್ತೆಂದು ಸಂತ ಲೂಕನು ಬರೆದಿಟ್ಟಿದ್ದಾನೆ. ಅದು ಯಾತ್ರೆಯೇ ಹೊರತು ವಿಹಾರವಲ್ಲ, ನಿಜ. ಆದರೂ ಬಡ ಬಡಗಿಯೊಬ್ಬನ ಮನೆಯವರು ವರ್ಷಕ್ಕೊಮ್ಮೆ ದುಡಿಮೆಯನ್ನು ಬದಿಗಿಟ್ಟು, ನೆಂಟರಿಷ್ಟರೊಡನೆ ದಾರಿ ನಡೆದು ಬಂದರೆಂಬುದು ಸಣ್ಣ ಸಂಗತಿಯಲ್ಲ. ಆ ದಾರಿಗೂ ಬುತ್ತಿಯನ್ನೂ ಕಾಸನ್ನೂ ಹೊಂದಿಸಿಕೊಳ್ಳಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಸಂತ ಜಾನ್ ಬಾಸ್ಕೋ ಇಟಲಿಯ ಟ್ಯೂರಿನ್ ನಗರದ ಅನಾಥ ಹುಡುಗರನ್ನು, ಕೂಲಿ ಹುಡುಗರನ್ನು ಕಟ್ಟಿಕೊಂಡು ಗುಡ್ಡಗಾಡಿನ ಹಳ್ಳಿಗಳಿಗೆ ಹೋಗಿಬರುತ್ತಿದ್ದರು. ಆಟ, ಹಾಡು, ಪೂಜೆ, ಊಟ ಎಲ್ಲವೂ ಆ ತಿರುಗಾಟದಲ್ಲಿದ್ದವು. ಮಕ್ಕಳ ನಗುವನ್ನು ಅವರು ಧರ್ಮೋಪದೇಶದ ಶತ್ರುವೆಂದು ಎಣಿಸಲಿಲ್ಲ.

ಹಾಗಾದರೆ ತೊಡಕಿರುವುದೆಲ್ಲಿ? ನಮ್ಮ ದೃಷ್ಟಿಯಲ್ಲಿ ತೊಡಕಿರುವುದು ಪ್ರವೇಶದ ಟಿಕೆಟ್ಟಿನಲ್ಲಲ್ಲ, ಕೈಖರ್ಚಿನಲ್ಲಿ. ಟಿಕೆಟ್ಟಿನ ಬೆಲೆ ಮೊದಲೇ ತಿಳಿಯುತ್ತದೆ. ಅದು ದೊಡ್ಡದೆನಿಸಿದರೆ ಮನೆಯಲ್ಲಿಯೇ ಬೇಡವೆನ್ನಬಹುದು. ಕೈಖರ್ಚು ಹಾಗಲ್ಲ. ದ್ವಾರದೊಳಗೆ ಕಾಲಿಟ್ಟ ಮೇಲೆ ಅದು ನೂರು, ಇನ್ನೂರು, ಐವತ್ತು ಎಂದು ಸಣ್ಣ ಸಣ್ಣದಾಗಿ ಕೈಬಿಟ್ಟು ಹೋಗುತ್ತದೆ. ಸಾಮಾನುಗಳನ್ನಿಡಲು ಲಾಕರಿನ ಬಾಡಿಗೆ. ಅದರ ಮೇಲೆ ಹಿಂದಿರುಗಿಸುವ ಠೇವಣಿ ಬೇರೆ. ನೀರಿನಾಟಗಳಿಗೆ ಹತ್ತಿಯ ಬಟ್ಟೆ, ಸೀರೆಗಳು ನಡೆಯುವುದಿಲ್ಲ. ನೈಲಾನಿನ ಉಡುಪೇ ಆಗಬೇಕು. ತಾರದೆ ಹೋದವರು ಅಲ್ಲಿಯ ಅಂಗಡಿಯಲ್ಲಿಯೇ ಕೊಳ್ಳಬೇಕಾಗುತ್ತದೆ. ಹೊರಗಿನ ತಿಂಡಿತೀರ್ಥಗಳಿಗೆ ಒಳಗೆ ಪ್ರವೇಶವಿಲ್ಲ. ಸರತಿ ತಪ್ಪಿಸಿ ಬೇಗ ಆಟವೇರಲು ಬೇರೆ ದರದ ಟಿಕೆಟ್ಟು. ತೊಟ್ಟಿಲು ಮೇಲಿಂದ ಧುಮುಕುವಾಗ ಬಾಯ್ತೆರೆದು ಕಿರುಚಿದ ಮುಖದ ಭಾವಚಿತ್ರ ಕೆಳಗಿಳಿಯುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಮಗು ಅದನ್ನು ಬೇಕೆನ್ನುತ್ತದೆ, ತಂದೆ ಬೇಡವೆನ್ನುತ್ತಾನೆ, ತಾಯಿ ಇಬ್ಬರ ಮುಖವನ್ನೂ ನೋಡುತ್ತಾಳೆ. ವಿಹಾರದ ಜಗಳಗಳು ಹುಟ್ಟುವುದು ಇಲ್ಲಿಯೇ.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಇಂತಹ ಉದ್ಯಾನಗಳಲ್ಲಿ ಮಕ್ಕಳ ಟಿಕೆಟ್ಟನ್ನು ಬಹುಮಟ್ಟಿಗೆ ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಧರಿಸುತ್ತಾರೆ. ದೊಡ್ಡ ಆಟಗಳಿಗೂ ಕನಿಷ್ಠ ಎತ್ತರದ ನಿಯಮವುಂಟು. ಆದುದರಿಂದ ಹೊರಡುವ ಮುನ್ನವೇ ಮನೆಯ ಬಾಗಿಲ ಚೌಕಟ್ಟಿಗೆ ಮಕ್ಕಳನ್ನು ನಿಲ್ಲಿಸಿ ಗೆರೆಯೆಳೆದು ನೋಡುವುದು ಲೇಸು. ‘ಆ ಆಟ ನಿನಗೆ ಈ ವರ್ಷವಿಲ್ಲ’ ಎಂಬ ಮಾತನ್ನು ಮಗುವಿಗೆ ಮನೆಯಲ್ಲಿ ಹೇಳುವುದಕ್ಕೂ, ಸರತಿಯಲ್ಲಿ ಒಂದು ಗಂಟೆ ನಿಂತ ಮೇಲೆ ಹೇಳುವುದಕ್ಕೂ ಬಹಳ ಅಂತರವಿದೆ. ಟಿಕೆಟ್ಟಿನ ಮೇಲಿನ ಜಿ.ಎಸ್.ಟಿ.ಯನ್ನು 2018ರಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿಸಲಾಯಿತು. ಆದರೂ ಜಾಹೀರಾತಿನ ಬೆಲೆ ತೆರಿಗೆ ಸೇರಿಸಿದ್ದೋ ಸೇರಿಸದಿದ್ದುದೋ ಎಂಬುದನ್ನು ನೋಡಿಕೊಳ್ಳಬೇಕು. ಶನಿವಾರ, ಭಾನುವಾರ, ಹಬ್ಬದ ದಿನಗಳ ದರ ಕೆಲಸದ ದಿನಗಳಿಗಿಂತ ಹೆಚ್ಚು.

ಇಷ್ಟನ್ನು ಹೇಳಿದ ಮಾತ್ರಕ್ಕೆ ನಾವು ಈ ಉದ್ಯಮವನ್ನು ದೂರುತ್ತಿದ್ದೇವೆಂದು ಯಾರೂ ಭಾವಿಸಬಾರದು. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡನ್ನೂ 2005ರಲ್ಲಿ ಬಿಡದಿಯ ವಂಡರ್‌ಲಾವನ್ನೂ ತೆರೆದ ಕೊಚ್ಚೌಸೇಪ್ ಚಿಟ್ಟಿಲಪ್ಪಿಳ್ಳಿಯವರು ಕೇರಳದ ಸಿರೋ ಮಲಬಾರ್ ಕಥೋಲಿಕ ಮನೆತನದವರು. 2011ರಲ್ಲಿ ಅವರು ಪರಿಚಯವಿಲ್ಲದ ಲಾರಿ ಚಾಲಕರೊಬ್ಬರಿಗೆ ತಮ್ಮ ಮೂತ್ರಪಿಂಡವನ್ನು ದಾನ ಮಾಡಿದ್ದನ್ನು ಓದುಗರಲ್ಲಿ ಹಲವರು ಬಲ್ಲರು. ವ್ಯಾಪಾರಿ ತನ್ನ ವ್ಯಾಪಾರವನ್ನು ಮಾಡುತ್ತಾನೆ. ಲೆಕ್ಕವಿಡುವ ಹೊಣೆ ಹೋಗುವ ನಮ್ಮದು.

ಮಲೆನಾಡಿನ ಮನೆಯ ಹಣಕ್ಕೆ ತನ್ನದೇ ಪಂಚಾಂಗವಿದೆ. ತಿಂಗಳ ಸಂಬಳದವರನ್ನು ಬಿಟ್ಟರೆ ಉಳಿದವರ ಕೈಗೆ ಹಣ ಬರುವುದು ಫಸಲಿನ ಕಾಲದಲ್ಲಿ. ಅಡಿಕೆಯ ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಸೇರಿದ ಮೇಲೆಯೇ ಬೆಳೆಗಾರನ ಗಂಟು ಬಿಚ್ಚುವುದು. ಕಾಫಿಯೂ ಹಾಗೆಯೇ. ತೋಟದ ಲೈನ್ ಮನೆಗಳಲ್ಲಿ ವಾಸಿಸುವ ನಮ್ಮ ಸಹೋದರರಿಗಾದರೋ ವಾರದ ಬಟವಾಡೆಯೇ ಆಧಾರ. ಅದು ಸಂತೆಯ ದಿನ ಸಂಜೆಯೊಳಗೆ ಅರ್ಧ ಕರಗಿರುತ್ತದೆ. ಇದರ ಮೇಲೆ ಶೃಂಗೇರಿ, ಕೊಪ್ಪಗಳ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ. ಕಳೆದ ವರ್ಷ ಬಂದಷ್ಟು ಫಸಲು ಈ ವರ್ಷ ಬರುವುದೆಂಬ ಭರವಸೆಯನ್ನು ಯಾವ ಬೆಳೆಗಾರನೂ ಕೊಡಲಾರ. ಹೀಗಿರುವಾಗ, ಮರದಲ್ಲಿರುವ ಗೊನೆಯನ್ನು ನೆಚ್ಚಿ ಮಂಡಿಯಿಂದ ಮುಂಗಡ ತಂದು ವಿಹಾರಕ್ಕೆ ಹೊರಡುವುದು ಅಪಾಯದ ಹಾದಿ. ಮೇ ತಿಂಗಳ ನಗುವಿನ ಬೆಲೆಯನ್ನು ಬಡ್ಡಿಯೊಂದಿಗೆ ಮುಂದಿನ ಜನವರಿಯಲ್ಲಿ ತೆತ್ತ ಮನೆಗಳನ್ನು ನಾವು ಕಂಡಿದ್ದೇವೆ. ಮಾರಿ ಬಂದ ಹಣದಿಂದ ಮಾತ್ರ ವಿಹಾರ ಎಂಬ ಒಂದು ಕಟ್ಟಳೆಯನ್ನು ದಂಪತಿಗಳು ತಮ್ಮೊಳಗೆ ಹಾಕಿಕೊಂಡರೆ ಅರ್ಧ ಚಿಂತೆ ಕಳೆದಂತೆ. ಮರೆಯಲಾಗದ ಇನ್ನೊಂದು ಮಾತು: ವಿಹಾರದ ಬೆನ್ನಿಗೇ ಜೂನ್ ಬರುತ್ತದೆ. ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ, ಕೊಡೆ, ಮಳೆಗಾಲದ ದಿನಸಿ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಮಗುವಿನ ಪ್ರಥಮ ಪರಮಪ್ರಸಾದ ಅದೇ ಬೇಸಿಗೆಯಲ್ಲಿ ಬಂದರೆ, ವಿಹಾರವನ್ನು ದಸರಾ ರಜೆಗೆ ಮುಂದೂಡುವುದೇ ವಿವೇಕ.

ಇಲ್ಲಿ ತಪಸ್ಸು ಕಾಲದ ಪ್ರಸ್ತಾಪ ಬರುತ್ತದೆ. ಮಾಂಸ, ಮದ್ಯ, ಸಿನಿಮಾಗಳನ್ನು ನಲವತ್ತು ದಿನ ಬಿಟ್ಟು ಉಳಿಸಿದ ಹಣವನ್ನು ರಜೆಯ ಡಬ್ಬಿಗೆ ಹಾಕುವ ಪದ್ಧತಿಯೊಂದು ಕೆಲವು ಮನೆಗಳಲ್ಲಿ ಆರಂಭವಾಗಿದೆ. ಮಕ್ಕಳಿಗೆ ಉಳಿತಾಯ ಕಲಿಸುವ ಸದುದ್ದೇಶ ಅದರ ಹಿಂದಿರಬಹುದು. ಆದರೂ ನಮಗದು ಸರಿಯೆನಿಸದು. ತ್ಯಾಗದಿಂದ ಉಳಿದದ್ದು ಹಸಿದವನ ಪಾಲು. ಅದು ಚರ್ಚಿನ ತಪಸ್ಸು ಕಾಲದ ಕಾಣಿಕೆಗೆ, ಕಾರಿತಾಸ್ ಸಂಸ್ಥೆಯ ಸೇವೆಗೆ ಸಲ್ಲಬೇಕಾದುದು. ಹುಡುಗನೊಬ್ಬ ಶುಕ್ರವಾರದ ಮೀನನ್ನು ಬಿಟ್ಟದ್ದು ಜಾರುಬಂಡೆಯ ಟಿಕೆಟ್ಟಿಗಾಗಿ ಎಂದಾದರೆ ಅದು ಉಳಿತಾಯವಾದೀತು, ತಪಸ್ಸಾಗದು. ವಿಹಾರದ ಡಬ್ಬಿಗೆ ಬೇರೆ ಮೂಲಗಳಿವೆ: ಕೋಳಿಮೊಟ್ಟೆಯ ಹಣ, ಕಾಳುಮೆಣಸಿನ ನಾಲ್ಕು ಕಿಲೋ, ತಾಯಿಯ ಸ್ವಸಹಾಯ ಸಂಘದ ಉಳಿತಾಯ, ಮಕ್ಕಳು ತೋಟದಲ್ಲಿ ಉದುರಡಿಕೆ ಹೆಕ್ಕಿ ಸಂಪಾದಿಸಿದ ಚಿಲ್ಲರೆ.

ಕೈಖರ್ಚಿನ ಲೆಕ್ಕ ಹಾಕುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಸಬಯಸುತ್ತೇವೆ. ತಂದೆ, ತಾಯಿ, ಅಜ್ಜಿ, ಇಬ್ಬರು ಮಕ್ಕಳ ಒಂದು ಸಂಸಾರ. ಪ್ರಯಾಣ, ಟಿಕೆಟ್ಟುಗಳನ್ನು ಬಿಟ್ಟು ಉದ್ಯಾನದೊಳಗಿನ ಒಂದು ದಿನದ ಖರ್ಚಿಗೆಂದು 5,000 ರೂಪಾಯಿಗಳನ್ನು ಅವರು ತೆಗೆದಿಟ್ಟಿದ್ದಾರೆ ಎನ್ನೋಣ. ಇದರಲ್ಲಿ ಊಟ ಉಪಾಹಾರಕ್ಕೆ 2,500. ಲಾಕರು, ಉಡುಪು ಮುಂತಾದವಕ್ಕೆ 700. ಮಕ್ಕಳಿಬ್ಬರಿಗೆ ತಲಾ 300ರಂತೆ 600. ನೆರೆಮನೆಗೆ, ತೋಟದ ಕೆಲಸದವರ ಮಕ್ಕಳಿಗೆ ಒಯ್ಯುವ ಸಿಹಿಗೆ 200. ಉಳಿದ 1,000 ರೂಪಾಯಿ ಜ್ವರವೋ ಗಾಯವೋ ಬಸ್ಸು ತಪ್ಪಿದ್ದೋ ಆದಾಗಲ್ಲದೆ ಮುಟ್ಟಬಾರದ ಹಣ. ಅಂಕಿಗಳು ಅವರವರ ಶಕ್ತಿಯಂತೆ ಬದಲಾಗಲಿ. ಮುಖ್ಯವಾದುದು ಈ ಲೆಕ್ಕ ನಡೆಯುವ ಸ್ಥಳ ಮತ್ತು ಸಮಯ. ಹೊರಡುವುದಕ್ಕೆ ಒಂದು ವಾರ ಮುಂಚೆ, ರಾತ್ರಿಯ ಜಪಮಾಲೆ ಮುಗಿದ ಮೇಲೆ, ಮಕ್ಕಳನ್ನೂ ಕೂಡಿಸಿಕೊಂಡು ಇದನ್ನು ಕಾಗದದ ಮೇಲೆ ಬರೆಯಬೇಕು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚನ್ನು ಎಣಿಸುವ ಸಾಮತಿಯನ್ನು ಪ್ರಭು ಹೇಳಿದ್ದು ಶಿಷ್ಯತ್ವದ ಬೆಲೆಯನ್ನು ಕುರಿತು. ಅದನ್ನು ಪ್ರವಾಸದ ಲೆಕ್ಕಕ್ಕೆ ಎಳೆದು ತಂದರೆ ಗುರುಗಳು ಹುಬ್ಬೇರಿಸಿಯಾರು. ಆದರೂ ಕುಳಿತು ಎಣಿಸುವುದು ಸಾಮಾನ್ಯ ಬುದ್ಧಿಯ ಮಾತೆಂದು ಭಾವಿಸಿಯೇ ಪ್ರಭು ಆ ಹೋಲಿಕೆಯನ್ನು ಆಯ್ದುಕೊಂಡಿರಬೇಕು.

ಮಕ್ಕಳ ಪಾಲಿನ ಮುನ್ನೂರು ರೂಪಾಯಿಗಳನ್ನು ಲಕೋಟೆಯಲ್ಲಿ ಹಾಕಿ, ಹೆಸರು ಬರೆದು, ನೋಟುಗಳಾಗಿಯೇ ಅವರ ಕೈಗೆ ಕೊಡಬೇಕೆಂಬುದು ನಮ್ಮ ಆಗ್ರಹ. ಈಗಿನ ಮಕ್ಕಳು ಹಣವನ್ನು ಕಾಣುವುದೇ ಕಡಿಮೆ. ಅಪ್ಪ ಮೊಬೈಲನ್ನು ಚೌಕದ ಗುರುತಿಗೆ ಹಿಡಿಯುತ್ತಾನೆ, ಐಸ್‌ಕ್ರೀಮು ಬರುತ್ತದೆ. ಅದೆಷ್ಟು ಹೋಯಿತು, ಎಷ್ಟುಳಿಯಿತು ಎಂಬುದು ಕಣ್ಣಿಗೆ ಬೀಳದು. ನೋಟು ಕೈಯಲ್ಲಿದ್ದರೆ ಮಗು ತಾನೇ ತೂಗಿ ನೋಡುತ್ತದೆ. ಲಕೋಟೆಯ ಹಣವನ್ನು ಹೇಗೆ ಕಳೆದರೂ ತಂದೆತಾಯಿ ಬಯ್ಯಬಾರದು. ಬರಿದಾದ ಮೇಲೆ ಮತ್ತೆ ತುಂಬಿಸಲೂಬಾರದು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ, ವಿಶೇಷವಾಗಿ ಅಜ್ಜಿ ಜೊತೆಯಲ್ಲಿರುವಾಗ.

ಊಟದ ಖರ್ಚಿನಲ್ಲಿ ಸ್ವಲ್ಪ ಹಿಡಿತ ಸಾಧ್ಯ. ಕಡುಬು, ಸನ್ನ, ಚಿತ್ರಾನ್ನ ಯಾವುದಾದರೂ ಬುತ್ತಿಯನ್ನು ಕಟ್ಟಿಕೊಂಡು, ದ್ವಾರದ ಹೊರಗೇ ಹೊಟ್ಟೆತುಂಬ ಉಂಡು ಒಳಹೊಕ್ಕರೆ ಒಂದು ಹೊತ್ತಿನ ಬೆಲೆ ಉಳಿಯುತ್ತದೆ. ಕುಡಿಯುವ ನೀರಿನ ನಲ್ಲಿ ಎಲ್ಲಿದೆಯೆಂದು ಕಾಲಿಟ್ಟೊಡನೆ ಕೇಳಿಕೊಳ್ಳಬೇಕು. ಹಿರಿಯ ನಾಗರಿಕರಿಗೆ, ಗುರುತಿನ ಚೀಟಿಯಿರುವ ವಿದ್ಯಾರ್ಥಿಗಳಿಗೆ ರಿಯಾಯಿತಿಯುಂಟೇ ಎಂದು ವಿಚಾರಿಸಲು ಸಂಕೋಚ ಬೇಡ.

ಪ್ರಯಾಣದ ವಿಷಯ ಸಂಕ್ಷೇಪವಾಗಿ ಹೇಳುವುದಾದರೆ, ಕೊಪ್ಪದಿಂದ ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ವಂಡರ್‌ಲಾ ಅಲ್ಲಿಂದ ಮೈಸೂರು ರಸ್ತೆಯಲ್ಲಿ ಮತ್ತೆ ಸುಮಾರು 28 ಕಿಲೋಮೀಟರು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ, ಬಾಲಕಿಯರಿಗೆ ರಾಜ್ಯದೊಳಗೆ ಸರಕಾರಿ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ದರವಿಲ್ಲ. ರಾಜಹಂಸ, ಸ್ಲೀಪರ್ ಬಸ್ಸುಗಳಲ್ಲಿ ಆ ಸೌಲಭ್ಯವಿಲ್ಲ. ಹಗಲು ಬಸ್ಸಿನಲ್ಲಿ ಹೊರಟರೆ ಅಜ್ಜಿ, ತಾಯಿ, ಮಗಳ ದರ ಉಳಿದು, ಅದೇ ಕೈಖರ್ಚಿನ ದೊಡ್ಡ ಭಾಗವಾಗಬಲ್ಲದು. (ನೌಕರರೇ 1991ರಲ್ಲಿ ಕಟ್ಟಿ ಬೆಳೆಸಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ನಮ್ಮ ಹಳ್ಳಿಗಳಿಂದ ಬಸ್ ನಿಲ್ದಾಣ ತಲಪುವುದೇ ಕೆಲವರಿಗೆ ಪ್ರಯಾಸ, ಆಟೋದ ಬಾಡಿಗೆಯನ್ನೂ ಲೆಕ್ಕದಲ್ಲಿ ಬರೆಯಿರಿ.) ಮೈಸೂರಿಗೆ ಹೋಗುವವರು 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಸಂತ ಫಿಲೋಮಿನಾ ದೇವಾಲಯದಲ್ಲಿ ಬಲಿಪೂಜೆಗೆ ಹಾಜರಾಗಬಹುದು. ವಿಹಾರ ಭಾನುವಾರವೇ ಬಂದರೆ ಶನಿವಾರ ಸಂಜೆಯ ಪೂಜೆಯಿಂದಲೂ ಭಾನುವಾರದ ಕರ್ತವ್ಯ ನೆರವೇರುತ್ತದೆ.

ಇದುವರೆಗೆ ಹೇಳಿದ್ದು ಹೋಗಬಲ್ಲವರ ಮಾತು. ಧರ್ಮಕೇಂದ್ರದ ವತಿಯಿಂದ ಧರ್ಮೋಪದೇಶ ತರಗತಿಯ ಮಕ್ಕಳನ್ನು, ಬಲಿಪೀಠ ಸೇವಕರನ್ನು ಒಂದೇ ಬಸ್ಸಿನಲ್ಲಿ ಕರೆದೊಯ್ಯುವಾಗ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಬಸ್ಸಿನ ಹಣವನ್ನು, ಟಿಕೆಟ್ಟನ್ನು ಯಾರೋ ದಾನಿಗಳು ಭರಿಸುತ್ತಾರೆ. ಬಟವಾಡೆಯ ಮನೆಯ ಹುಡುಗನೂ ಪಟ್ಟಿಯಲ್ಲಿರುತ್ತಾನೆ. ಆದರೆ ಹೊರಡುವ ಮುಂಜಾನೆ ಅವನಿಗೆ ಹೊಟ್ಟೆನೋವು. ಅವನ ತಾಯಿಗೆ ಆ ನೋವಿನ ಹೆಸರು ಗೊತ್ತು. ಪಕ್ಕದ ಸೀಟಿನವನ ಜೇಬಿನಲ್ಲಿ ಸಾವಿರ ರೂಪಾಯಿ ಇರುವುದನ್ನು ಮಗ ಹಿಂದಿನ ದಿನ ಬಂದು ಹೇಳಿರುತ್ತಾನೆ. ಇಂತಹ ಪ್ರವಾಸಗಳಲ್ಲಿ ಎಲ್ಲ ಮಕ್ಕಳ ಕೈಖರ್ಚೂ ಸಮಾನವಾಗಿರಲೇಬೇಕೆಂದು ನಾವು ಒತ್ತಿ ಹೇಳುತ್ತೇವೆ. ಪಾಲಕರು ತಮ್ಮ ಶಕ್ತಿಯಂತೆ ಕೊಟ್ಟದ್ದನ್ನು ಲಕೋಟೆಗಳಲ್ಲಿ ಹೆಸರಿಲ್ಲದೆ ಒಟ್ಟುಗೂಡಿಸಿ, ಸಿಸ್ಟರ್ ಒಬ್ಬರೋ ಧರ್ಮೋಪದೇಶ ಶಿಕ್ಷಕಿಯೋ ಅದನ್ನು ಎಣಿಸಿ, ಬಸ್ಸು ಹೊರಟ ಮೇಲೆ ಎಲ್ಲರಿಗೂ ನೂರೋ ನೂರೈವತ್ತೋ ಸರಿಸಮವಾಗಿ ಹಂಚಲಿ. ಹೆಚ್ಚಿನ ಹಣವನ್ನು ಮಗುವಿನ ಜೇಬಿಗೆ ಗುಟ್ಟಾಗಿ ತುರುಕುವ ತಂದೆಗೆ ಗುರುಗಳು ಮೊದಲೇ ತಿಳಿಯಹೇಳಲಿ. ಪ್ರವಾಸದಿಂದ ಮರಳಿದ ಮುಂದಿನ ಭಾನುವಾರ, ಬಂದದ್ದೆಷ್ಟು ಹೋದದ್ದೆಷ್ಟು ಎಂಬ ಲೆಕ್ಕದ ಹಾಳೆ ಚರ್ಚಿನ ಸೂಚನಾ ಫಲಕದಲ್ಲಿ ಕಾಣಿಸಲಿ; ದಾನಿಗಳ ಹೆಸರುಗಳು ಅದರಲ್ಲಿ ಇರುವುದು ಬೇಡ.